ಐದೇ ಮತಗಟ್ಟೆಗಳ ಚೀಟಿ ಎಣಿಸಿದರೆ ಸಾಲದು: ಮುಖ್ಯ ಚುನಾವಣಾ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯ ಚುನಾವಣಾ ಆಯುಕ್ತರೇ,

ನಾನು ನಿವೃತ್ತ ಶಿಕ್ಷಕ. ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿ ಕೆಲಸ ಮಾಡಿದವನು. ಮತದಾನಕ್ಕೆ ಒಂದೂವರೆ ಗಂಟೆ ಮೊದಲು ಅಭ್ಯರ್ಥಿಗಳ ಏಜೆಂಟರ ಎದುರಿನಲ್ಲಿ ಅಣಕು ಮತದಾನ ನಡೆಸುತ್ತಿದ್ದೆ. ಕಡಿಮೆಯೆಂದರೆ 50 ಮತ. ಬಳಿಕ ಮತಯಂತ್ರದಲ್ಲಿ ಮತಗಳ ಲೆಕ್ಕವಿಡುವ ಕಂಟ್ರೋಲ್ ಯೂನಿಟ್ ತೋರಿಸಿದ ಲೆಕ್ಕ ಬರೆದುಕೊಂಡು, ಮತ ಯಾರಿಗೆ ಬಿತ್ತೆಂದು ಚೀಟಿ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಪೆಟ್ಟಿಗೆ ತೆರೆದು, ಚೀಟಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಎಣಿಸಿ ತಾಳೆ ನೋಡುತ್ತಿದ್ದೆವು. ಲೆಕ್ಕ ಕೂಡಿದಾಗ ಏಜೆಂಟರ ಮಾತಿನ ಬಿಗಿ ಸಡಿಲವಾಗುತ್ತಿತ್ತು. ಆ ಚೀಟಿಗಳ ಬೆನ್ನಿಗೆ ಮೊಹರು ಒತ್ತಿ ಕಪ್ಪು ಲಕೋಟೆಯಲ್ಲಿ ಇಡುತ್ತಿದ್ದೆವು.

ಯಂತ್ರದ ಮೇಲೆ ಅವರಿಗೆ ನಂಬಿಕೆ ಬಂದದ್ದು ಆ ಎಣಿಕೆಯಿಂದ. ಆದರೆ ನಿಜವಾದ ಮತದ ಚೀಟಿಯನ್ನು ಮತದಾರ ಗಾಜಿನ ಹಿಂದೆ ಏಳು ಸೆಕೆಂಡು ನೋಡುತ್ತಾನೆ. ಅದು ಪೆಟ್ಟಿಗೆಗೆ ಬಿದ್ದ ಮೇಲೆ ಬಹುತೇಕ ಮತಗಟ್ಟೆಗಳಲ್ಲಿ ಯಾರೂ ಎಣಿಸುವುದಿಲ್ಲ. ವಿಧಾನಸಭಾ ಕ್ಷೇತ್ರಕ್ಕೆ ಒಂದೇ ಮತಗಟ್ಟೆಯ ಚೀಟಿ ಎಣಿಸುತ್ತಿದ್ದುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಐದಕ್ಕೆ ಏರಿಸಿತು. ಇಂದಿಗೂ ಐದೇ.

200 ಮತಗಟ್ಟೆಗಳ ಕ್ಷೇತ್ರದಲ್ಲಿ ನಾಲ್ಕು ಯಂತ್ರಗಳ ಲೆಕ್ಕ ತಪ್ಪಿದೆ ಎಂದುಕೊಳ್ಳಿ. ಲಾಟರಿಯಲ್ಲಿ ಎತ್ತಿದ ಐದರಲ್ಲಿ ಆ ನಾಲ್ಕರ ಪೈಕಿ ಒಂದೂ ಸಿಗದಿರುವ ಸಂಭವ ಶೇ 90. ಗೆಲುವಿನ ಅಂತರ ಐವತ್ತು ಸಾವಿರವಿದ್ದರೆ ಇದರಿಂದ ಏನೂ ಆಗದು. ಇನ್ನೂರಿದ್ದರೆ ಗೆದ್ದವರೇ ಬದಲಾಗಬಹುದು. ಎರಡಕ್ಕೂ ಒಂದೇ ಅಳತೆ ಹೇಗೆ ಸರಿ?

ಅಂತರ ಕಿರಿದಾದಷ್ಟೂ ಹೆಚ್ಚು ಮತಗಟ್ಟೆಗಳ ಚೀಟಿ ಎಣಿಸುವ ನಿಯಮ ತನ್ನಿ. ತೀರಾ ಕಿರಿದಾದಲ್ಲಿ ಅಷ್ಟನ್ನೂ ಎಣಿಸಿ, ಫಲಿತಾಂಶ ಘೋಷಿಸುವ ಮೊದಲೇ. ಸಮಯ ಹಿಡಿಯುತ್ತದೆ ಎನ್ನುತ್ತೀರಿ. ಚೀಟಿಯ ಮೇಲೆ ಬಾರ್‌ಕೋಡ್ ಹಾಕಿ ಯಂತ್ರದಿಂದ ಎಣಿಸುವ ಸಲಹೆಯನ್ನು ಪರಿಶೀಲಿಸುವಂತೆ 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಯೋಗಕ್ಕೆ ಹೇಳಿದೆ. ಮಾಡಿ. ಆದರೆ ಬಾರ್‌ಕೋಡನ್ನು ಮತದಾರ ಓದಲಾರ. ಆದ್ದರಿಂದ ಕೆಲವು ಕಟ್ಟುಗಳನ್ನಾದರೂ ಚಿಹ್ನೆ ನೋಡಿ ಕೈಯಿಂದಲೇ ಎಣಿಸಿ.

ಇನ್ನೊಂದು ಮಾತು. ಮತಯಂತ್ರಕ್ಕೆ ಇಂಟರ್‌ನೆಟ್ ಸಂಪರ್ಕವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಅಭ್ಯರ್ಥಿಗಳ ಹೆಸರು, ಚಿಹ್ನೆಗಳನ್ನು ವಿವಿಪ್ಯಾಟ್‌ಗೆ ತುಂಬುವುದು ಹೊರಗಿನಿಂದಲೇ. ಹಾಗೆ ತುಂಬಿದ ಕಡತದ ಹ್ಯಾಶ್ ಸಂಖ್ಯೆಯನ್ನು, ಅಂದರೆ ಕಡತದಲ್ಲಿ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಸಂಖ್ಯೆಯನ್ನು, ಅಂದೇ ಅಭ್ಯರ್ಥಿಗಳ ಕೈಗೆ ಕೊಡಿ. ಚಿಹ್ನೆ ತುಂಬುವ ಘಟಕಗಳನ್ನು ಫಲಿತಾಂಶದ ನಂತರ 45 ದಿನ ಮುದ್ರೆ ಹಾಕಿ ಇಡಬೇಕೆಂದು ಅದೇ ತೀರ್ಪು ಹೇಳಿದೆ. ತಕರಾರು ಬಂದರೆ ಎರಡನ್ನೂ ತಾಳೆ ನೋಡಬಹುದು.

ಚೀಟಿ ಎಣಿಸಲು ಸಿಬ್ಬಂದಿ ಸಾಲದಿದ್ದರೆ ನನ್ನಂಥ ನಿವೃತ್ತರನ್ನು ಕರೆಯಿರಿ. ಬರುತ್ತೇವೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕ