ನಾಸ್ತಿಕನಿಗೂ ಒಂದು ಧರ್ಮದ ಕಾಲಂ ಬೇಕಾ?

ಪ್ರಿಯ ಸುರೇಶ,

ನಿನ್ನ ಉದ್ದದ ಮೆಸೇಜು ಓದಿದೆ. "ನಾಸ್ತಿಕರದ್ದೂ ಒಂದು ಮತವೇ ಮಾರಾಯ, ಸೆಕ್ಯುಲರಿಸಂ ಅಂದ್ರೆ ನಿಮ್ಮ ಮಠ" ಅಂತ ಕುಟುಕಿದ್ದೀಯ. ಸಿಟ್ಟೇನೂ ಬರಲಿಲ್ಲ. ನಿನ್ನ ಮಾತನ್ನು ಅರ್ಧ ಒಪ್ಪುತ್ತೇನೆ. ಯಾವ ಅರ್ಧ ಅಂತ ಹೇಳದೆ ಬಿಟ್ಟರೆ ಪೂರ್ತಿ ಗೆದ್ದೆ ಅಂದುಕೊಳ್ಳುತ್ತೀಯ, ಅದಕ್ಕೇ ಈ ಪತ್ರ.

ಮೊದಲು ನಮ್ಮ ಉಡುಪಿಯ ಕಥೆ. ರಥಬೀದಿಯ ಶಿರೂರು ಮಠದ ಎದುರು ನಾವು ಎಷ್ಟು ಸಲ ಓಡಾಡಿಲ್ಲ! ಧರ್ಮ ಅಂದರೆ ಏನು ಅಂತ ನಮ್ಮ ಸುಪ್ರೀಂ ಕೋರ್ಟು ತಲೆಕೆಡಿಸಿಕೊಂಡ ದೊಡ್ಡ ಕೇಸು ಅದೇ ಮಠದ್ದು. ಕೃಷ್ಣ ಮಠದ ಪೂಜೆಯ ಸರದಿ, ಅಂದರೆ ಪರ್ಯಾಯದ ಖರ್ಚಿನಿಂದ ಮಠಕ್ಕೆ ಸಾಲವಾಗಿತ್ತು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅಲ್ಲಿನ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈ ಹಾಕಿತು. ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಕೋರ್ಟಿಗೆ ಹೋದರು. ಮಠದ ಯಾವ ಕೆಲಸ ಧರ್ಮದ್ದು, ಯಾವುದು ಬರೀ ಲೆಕ್ಕಪತ್ರದ್ದು ಅಂತ ತೀರ್ಮಾನಿಸಬೇಕಾದರೆ ಮೊದಲು ಧರ್ಮ ಎಂದರೇನು ಅಂತ ಹೇಳಬೇಕಲ್ವಾ?

ಅಮೆರಿಕದ ಕೋರ್ಟು 1890ರಲ್ಲಿ ಹೇಳಿದ್ದ ಒಂದು ವ್ಯಾಖ್ಯಾನ ಕೈಗೆ ಸಿಕ್ಕಿತು. ಸೃಷ್ಟಿಕರ್ತನ ಜೊತೆ ಮನುಷ್ಯನ ಸಂಬಂಧವೇ ಧರ್ಮ ಅನ್ನುವುದು ಅದರ ಸಾರ. 1954ರ ತೀರ್ಪಿನಲ್ಲಿ ನಮ್ಮ ನ್ಯಾಯಮೂರ್ತಿಗಳು ಇದು ಸಾಲದು ಅಂದರು. ಬೌದ್ಧರು, ಜೈನರು ದೇವರನ್ನು ನಂಬುವುದಿಲ್ಲ, ಹಾಗಂತ ಅವರದ್ದು ಧರ್ಮ ಅಲ್ಲ ಅನ್ನೋಕಾಗುತ್ತಾ? ನಂಬಿಕೆಗಳ ಒಂದು ವ್ಯವಸ್ಥೆ, ಆಚರಣೆ, ಪೂಜೆಯ ವಿಧಾನ, ಊಟ ಉಡುಪಿನ ನಿಯಮ ಕೂಡ ಧರ್ಮದೊಳಗೆ ಬರಬಹುದು ಅಂತ ಬರೆದರು. ದೇವರೇ ಬೇರೆ, ಜೀವವೇ ಬೇರೆ ಅನ್ನುವ ದ್ವೈತಿಗಳ ಮಠ ಹೂಡಿದ ಕೇಸಿನಲ್ಲಿ ದೇವರಿಲ್ಲದೆಯೂ ಧರ್ಮ ಇರಬಹುದು ಅನ್ನುವ ಮಾತು ಬಂತು! ಮಧ್ವಾಚಾರ್ಯರು ಇದಕ್ಕೆ ಏನನ್ನುತ್ತಿದ್ದರೋ.

ನೀನು ಈಗ ಖುಷಿಯಾಗಿರುತ್ತೀಯ. ದೇವರಿಲ್ಲದಿದ್ದರೂ ಧರ್ಮ ಆಗುತ್ತದಾದರೆ ನಾಸ್ತಿಕತೆಯೂ ಆಗಬಹುದಲ್ಲ ಅಂತ. ಸ್ವಲ್ಪ ತಡೆ. ಜೈನರಿಗೆ ವ್ರತ ಇದೆ, ಬಸದಿ ಇದೆ, ಹೇಗೆ ಬದುಕಬೇಕು ಅಂತ ಹೇಳುವ ಮುನಿಗಳಿದ್ದಾರೆ. ನನಗೆ ಏನಿದೆ? ದೇವರಿದ್ದಾನಾ ಅನ್ನುವ ಪ್ರಶ್ನೆಗೆ ಇಲ್ಲ ಅನ್ನುವ ಉತ್ತರ, ಅಷ್ಟೇ. ಅದರಿಂದ ನಾಳೆ ಉಪವಾಸ ಇರಬೇಕಾ, ಮೀನು ತಿನ್ನಬಹುದಾ, ಯಾವುದೂ ಗೊತ್ತಾಗುವುದಿಲ್ಲ. ನಾಸ್ತಿಕರಲ್ಲಿ ಕಮ್ಯುನಿಸ್ಟರೂ ಇದ್ದಾರೆ, ಷೇರು ಮಾರುಕಟ್ಟೆಯಲ್ಲಿ ದಿನವಿಡೀ ಮುಳುಗಿರುವವರೂ ಇದ್ದಾರೆ. ಇವರನ್ನೆಲ್ಲ ಸೇರಿಸಿ ಒಂದು ಮತ ಕಟ್ಟೋಕೆ ಹೊರಟರೆ ಮೊದಲ ಮೀಟಿಂಗಲ್ಲೇ ಹೊಡೆದಾಟ. ನಾಯಕರ ಫೋಟೋಗೆ ಹಾರ ಹಾಕಿ, ಅವರು ಹೇಳಿದ್ದೇ ಕೊನೆ ಅನ್ನುವ ನಾಸ್ತಿಕರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರ ಮೇಲೆ ನಿನಗಿಂತ ನನಗೇ ಜಾಸ್ತಿ ಕಿರಿಕಿರಿ.

ಇನ್ನು ನಾನು ಒಪ್ಪುವ ಅರ್ಧ. ಅದು ನಿನ್ನ ಅಮೆರಿಕದ್ದೇ. ಮೇರಿಲ್ಯಾಂಡಿನಲ್ಲಿ ರಾಯ್ ಟೊರ್ಕಾಸೋ ಎಂಬುವವರನ್ನು ನೋಟರಿಯಾಗಿ ನೇಮಿಸಿದ್ದರು. ದೇವರಿದ್ದಾನೆ ಅಂತ ಘೋಷಿಸು ಅಂದರೆ ಅವರು ಒಪ್ಪಲಿಲ್ಲ, ಕೆಲಸ ಹೋಯಿತು. 1961ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅವರ ಪರ ನಿಂತಿತು. ಮುಂದೆ 2005ರಲ್ಲಿ ವಿಸ್ಕಾನ್ಸಿನ್ ಜೈಲಿನ ಒಬ್ಬ ಕೈದಿ ನಾಸ್ತಿಕರ ಓದಿನ ಗುಂಪು ಮಾಡಿಕೊಳ್ಳುತ್ತೇನೆ ಅಂದ. ಇದು ಧಾರ್ಮಿಕ ಗುಂಪಲ್ಲ ಅಂತ ಜೈಲಿನವರು ಬಿಡಲಿಲ್ಲ. ಸಂವಿಧಾನದ ರಕ್ಷಣೆಯ ಮಟ್ಟಿಗೆ ನಾಸ್ತಿಕತೆಯನ್ನೂ ಧರ್ಮದಂತೆಯೇ ನೋಡಬೇಕು ಅಂದಿತು ಮೇಲ್ಮನವಿ ನ್ಯಾಯಾಲಯ. ಸರಿಯಾಗಿಯೇ ಹೇಳಿತು. ಪಕ್ಕದ ಸೆಲ್ಲಿನವನು ಬೈಬಲ್ ಓದೋಕೆ ನಾಲ್ಕು ಜನರನ್ನು ಸೇರಿಸಬಹುದಾದರೆ ಇವನು ಯಾಕೆ ಸೇರಿಸಬಾರದು? ಹಕ್ಕು ಕೊಡುವಾಗ ಧರ್ಮದ ಸಾಲಿನಲ್ಲಿ ನಮಗೂ ಜಾಗ ಕೊಡಿ. ಅಷ್ಟಕ್ಕೆ ನನ್ನದು ಧರ್ಮ ಅಂತ ನೀನು ಕರೆದರೂ ಬೇಜಾರಿಲ್ಲ.

ಆದರೆ ಆ 1961ರ ತೀರ್ಪಿನಲ್ಲಿ ಒಂದು ಅಡಿಟಿಪ್ಪಣಿ ಇದೆ. ದೇವರನ್ನು ಬೋಧಿಸದ ಧರ್ಮಗಳು ಅಮೆರಿಕದಲ್ಲಿ ಇವೆ ಅಂತ ಹೇಳಿ ಬೌದ್ಧ, ತಾವೋ ಧರ್ಮಗಳ ಜೊತೆ ಸೆಕ್ಯುಲರ್ ಹ್ಯೂಮನಿಸಂ, ಅಂದರೆ ದೇವರ ಹಂಗಿಲ್ಲದ ಮಾನವತಾವಾದದ ಹೆಸರನ್ನೂ ಸೇರಿಸಿದ್ದಾರೆ. ಒಂದೇ ಸಾಲು. ಆ ಎಳೆಯನ್ನು ಎಳೆದವರು ಎಲ್ಲಿಗೆ ಹೋದರು ನೋಡು. 1987ರ ಮಾರ್ಚಿನಲ್ಲಿ ಅಲಬಾಮದ ಒಬ್ಬ ನ್ಯಾಯಾಧೀಶರು ಸೆಕ್ಯುಲರ್ ಹ್ಯೂಮನಿಸಂ ಒಂದು ಧರ್ಮ, ಸರ್ಕಾರಿ ಶಾಲೆಗಳು ಅದನ್ನೇ ಬೋಧಿಸುತ್ತಿವೆ ಅಂತ ತೀರ್ಪು ಕೊಟ್ಟು 44 ಪಠ್ಯಪುಸ್ತಕಗಳನ್ನು ನಿಷೇಧಿಸಿದರು. ಇತಿಹಾಸ, ಸಮಾಜ ವಿಜ್ಞಾನ, ಅಷ್ಟೇ ಅಲ್ಲ, ಗೃಹವಿಜ್ಞಾನದ ಪುಸ್ತಕಗಳೂ! ಅದೇ ವರ್ಷ ಆಗಸ್ಟಿನಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಪುಸ್ತಕದಲ್ಲಿ ದೇವರ ಹೆಸರಿಲ್ಲ ಅನ್ನುವುದೇ ಒಂದು ಧರ್ಮ ಆಗಿಬಿಟ್ಟರೆ ಕೂಡುವ ಕಳೆಯುವ ಲೆಕ್ಕದ ಪುಸ್ತಕವೂ ಧರ್ಮಗ್ರಂಥವೇ.

ಅದಕ್ಕೇ ನಾಸ್ತಿಕತೆ, ಸೆಕ್ಯುಲರಿಸಂ ಎರಡನ್ನೂ ನೀನು ಒಂದೇ ಚೀಲಕ್ಕೆ ತುಂಬಿದ್ದು ನನಗೆ ಸರಿಬರಲಿಲ್ಲ. ನಾಸ್ತಿಕತೆ ನನ್ನ ತಲೆಯೊಳಗಿನ ವಿಷಯ. ಸೆಕ್ಯುಲರಿಸಂ ಸರ್ಕಾರ ಹೇಗೆ ನಡೆದುಕೊಳ್ಳಬೇಕು ಅನ್ನುವ ವಿಷಯ. ಕಂಬಳದಲ್ಲಿ ತೀರ್ಪು ಹೇಳುವವರು ತಮ್ಮ ಕೋಣವನ್ನೂ ಓಟದ ಕರೆಗೆ (ಕೆಸರುಗದ್ದೆಗೆ) ಇಳಿಸಬಾರದು ಅಂತೀವಲ್ಲ, ಅಷ್ಟೇ ಅದು. ದಿನಾ ಸಂಧ್ಯಾವಂದನೆ ಮಾಡುವ ನಿನ್ನ ಅಪ್ಪ ಪಕ್ಕಾ ಸೆಕ್ಯುಲರ್ ಆಗಿದ್ದರು, ನಾವಿಬ್ಬರೂ ನೋಡಿದ್ದೇವೆ. ಸೋವಿಯತ್ ರಷ್ಯಾದಲ್ಲಿ ನಾಸ್ತಿಕ ಸರ್ಕಾರವೇ ಇತ್ತು, ಚರ್ಚುಗಳನ್ನು ಮುಚ್ಚಿಸಿತು. ಅದನ್ನು ಸೆಕ್ಯುಲರ್ ಅಂತ ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು, ಕೋಪ ಮಾಡ್ಕೋಬೇಡ. ನೀನಿರುವ ಟೆಕ್ಸಾಸಿನಲ್ಲಿ 2025ರಲ್ಲಿ ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕು ಅಂತ ಕಾನೂನು ಮಾಡಿದರು. ಕೋರ್ಟಿಗೆ ಹೋದವರಲ್ಲಿ ಯಹೂದಿಗಳು, ಕ್ರೈಸ್ತರು, ಯಾವ ಮತವೂ ಇಲ್ಲದವರು, ಜೊತೆಗೆ ಹಿಂದೂಗಳೂ ಇದ್ದರು. ನನ್ನ ಹೊರತು ಬೇರೆ ದೇವರು ನಿನಗಿರಬಾರದು ಅನ್ನುವ ಸಾಲಿನ ಕೆಳಗೆ ನಿನ್ನ ಮಗಳು ಕೂತು ಪಾಠ ಕೇಳಬೇಕು. ಆಗ ಅವಳ ಕೃಷ್ಣನನ್ನು ಕಾಪಾಡಲು ಕೋರ್ಟಿನಲ್ಲಿ ನಿನಗೆ ಇರುವ ವಾದ ಯಾವುದು? ಇದೇ ಸೆಕ್ಯುಲರಿಸಂ. ಅದೂ ಒಂದು ಧರ್ಮ ಅಂತ ನೀನೇ ಒಪ್ಪಿಬಿಟ್ಟರೆ ಆ ಗೋಡೆಯ ಬೋರ್ಡು ಇಳಿಸೋಕೆ ನಿನ್ನ ಬಳಿ ಕಾರಣವೇ ಉಳಿಯುವುದಿಲ್ಲ.

ಬೆಲ್ಜಿಯಂನದ್ದು ಬೇರೆಯೇ ದಾರಿ. ಅಲ್ಲಿ ದೇವರನ್ನು ನಂಬದವರ ಸಂಘಟನೆಗೂ ಚರ್ಚಿನ ಹಾಗೆ ಸರ್ಕಾರದ ದುಡ್ಡು ಬರುತ್ತದೆ, 1993ರಲ್ಲಿ ಸಂವಿಧಾನವನ್ನೇ ತಿದ್ದಿದರು. ಆಸ್ಪತ್ರೆಯಲ್ಲಿ, ಜೈಲಿನಲ್ಲಿ ಪಾದ್ರಿಯ ಬದಲು ಮಾತಾಡಿಸಲು ಇವರ ಕಡೆಯ ಸಲಹೆಗಾರರು ಬರುತ್ತಾರೆ. ಸಾಯುವ ಹೊತ್ತಿಗೆ ಪಕ್ಕದಲ್ಲಿ ಒಬ್ಬರು ಕೂರುವುದು ಒಳ್ಳೆಯದೇ. ಆದರೂ ನಮ್ಮ ದೇಶದಲ್ಲಿ ಅದು ಬೇಡ ಅಂತ ನನ್ನ ಅನಿಸಿಕೆ. ಸರ್ಕಾರದ ಅನುದಾನ ಬಂದರೆ ಮರುದಿನವೇ ಅಸಲಿ ನಾಸ್ತಿಕರು ಯಾರು ಅಂತ ಸರ್ಟಿಫಿಕೇಟು ಕೇಳುತ್ತಾರೆ.

ಇಲ್ಲಿ ನನ್ನ ಸ್ಥಿತಿ ಇನ್ನೂ ತಮಾಷೆಯದ್ದು. ಧರ್ಮ ಹೇಳು ಅಂತ ಸರ್ಕಾರ ಯಾರನ್ನೂ ಬಲವಂತ ಮಾಡುವಂತಿಲ್ಲ ಅಂತ 2014ರಲ್ಲಿ ಬಾಂಬೆ ಹೈಕೋರ್ಟು ಹೇಳಿದೆ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ಸುಮಾರು 28.7 ಲಕ್ಷ ಜನ. ಅವರೆಲ್ಲ ನಾಸ್ತಿಕರೇನಲ್ಲ ಬಿಡು. ಆದರೆ ಹಿಂದೂ ಮನೆಯಲ್ಲಿ ಹುಟ್ಟಿದವನು ಫಾರಂನಲ್ಲಿ ಏನೇ ಬರೆದರೂ, ದೇವರಿಲ್ಲ ಅಂದ ಮಾತ್ರಕ್ಕೆ ಕಾನೂನಿನ ಲೆಕ್ಕದಲ್ಲಿ ಹಿಂದೂ ಆಗಿರುವುದು ತಪ್ಪುವುದಿಲ್ಲ. ನಾನೂ ಇವಳೂ ಹೋಮ ಬೇಡ ಅಂತ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆವಲ್ಲ? 1976ರ ಒಂದು ತಿದ್ದುಪಡಿಯ ಪ್ರಕಾರ, ಗಂಡ ಹೆಂಡತಿ ಇಬ್ಬರೂ ಹಿಂದೂಗಳಾದರೆ ಹಾಗೆ ಮದುವೆಯಾದರೂ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯೇ. ಪೂಜೆಗೆ ನಾಸ್ತಿಕ, ಪಾಲಿಗೆ ಹಿಂದೂ.

ಈಗ ನನ್ನದು ಬೇರೆಯೇ ಮತ ಅಂತ ನೀನು ಹಟ ಹಿಡಿದರೆ ಅಪ್ಪನ ತೋಟದಲ್ಲಿ ನನ್ನ ಪಾಲು ಯಾವ ಕಾನೂನಿನಲ್ಲಿ ಬರುತ್ತದೆ ಅಂತಲೂ ನೀನೇ ಬರೆದು ತಿಳಿಸು. ಅಣ್ಣ ಹೇಗೂ ಅಳತೆ ಮಾಡಿಸೋಕೆ ಸರ್ವೆಯವರನ್ನು ಕರೆಸುತ್ತಿದ್ದಾನೆ.

ನಿನ್ನ,
ಪ್ರಕಾಶ