ಬರಪೊಳೆಯಲ್ಲಿ ಈ ಸಲ ಎರಡು ಕಡೆ ಇಳಿದು ನಡೆಯಬೇಕು: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ,

ಈ ಜೂನ್‌ನಿಂದ ಕೊಡಗಿನ ಬರಪೊಳೆಯ ಮೇಲಿನ ಹಾದಿಯಲ್ಲಿ ಎರಡು ದೊಡ್ಡ ರ‍್ಯಾಪಿಡ್‌ಗಳನ್ನು (ಬಂಡೆಗಳ ನಡುವೆ ನೀರು ರಭಸದಿಂದ ಇಳಿಯುವ ಜಾಗಗಳನ್ನು) ನಾವು ದೋಣಿಯಲ್ಲಿ ದಾಟುವುದಿಲ್ಲ. ದಡಕ್ಕೆ ಬಂದು, ಪ್ಯಾಕ್‌ರಾಫ್ಟ್ (ಗಾಳಿ ತುಂಬಿದ, ಒಬ್ಬರೇ ಕೂರುವ ಹಗುರ ದೋಣಿ) ಹೆಗಲಿಗೇರಿಸಿ, ಬಂಡೆ ಪಕ್ಕದ ಕಾಲುದಾರಿಯಲ್ಲಿ ನಡೆದು, ಕೆಳಗೆ ಮತ್ತೆ ನೀರಿಗಿಳಿಯುತ್ತೇವೆ. ಹೊಳೆ ಏರಿದ ದಿನ ಮೇಲಿನ ಹಾದಿಯೇ ಇಲ್ಲ, ಕೆಳಗಿನ ಸಮನಾದ ನೀರಿನಲ್ಲಷ್ಟೇ. ತಲೆಗೆ 400 ರೂಪಾಯಿ ಜಾಸ್ತಿಯೂ ಆಗಿದೆ.

ಒಂದು ಕ್ಷಮೆ ಕೇಳುವುದಿದೆ. ಕಳೆದ ಆಗಸ್ಟ್‌ನ ಒಂದು ಭಾನುವಾರ, ಬೆಂಗಳೂರಿನಿಂದ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬಂದವರು ಹೆಲ್ಮೆಟ್ ಹಾಕಿಕೊಂಡು ನಿಂತ ಮೇಲೆ "ಇವತ್ತು ಮೇಲೆ ಬೇಡ" ಎಂದೆವು. ನಿರ್ಧಾರ ಸರಿ, ಹೇಳಿದ ಹೊತ್ತು ತಪ್ಪು. ಇನ್ನು ಮುಂದೆ ನೀವು ಮನೆ ಬಿಡುವ ಮೊದಲೇ, ಹಿಂದಿನ ಸಂಜೆ ಹೊಳೆ ನೋಡಿ ಮೆಸೇಜ್ ಮಾಡುತ್ತೇವೆ.

ಈಗ ಎಲ್ಲರೂ ಕೇಳುವ ಮಾತಿಗೆ ಬರ್ತೀನಿ. "ದುಡ್ಡು ಕೊಟ್ಟಿದ್ದು ನೀರಲ್ಲಿ ಹೋಗೋಕೆ, ಬಂಡೆ ಮೇಲೆ ನಡೆಯೋಕಲ್ಲ. ದೊಡ್ಡ ರಾಫ್ಟ್‌ನವರು ಅಲ್ಲೇ ಹೋಗ್ತಾರಲ್ಲ?"

ಹೋಗ್ತಾರೆ, ನಿಜ. ಆ ರಾಫ್ಟ್‌ನಲ್ಲಿ ಆರೇಳು ಜನರ ಭಾರ, ಹಿಂದೆ ಕೂತು ದಿಕ್ಕು ಹಿಡಿಯುವ ಗೈಡ್. ನಮ್ಮದು ಮೂರ್ನಾಲ್ಕು ಕೆಜಿಯ ದೋಣಿ. ಒಬ್ಬರೇ ಕೂರುವುದು, ಹುಟ್ಟು ನಿಮ್ಮ ಕೈಲಿ. ರಾಫ್ಟ್ ಅಲುಗಾಡಿ ದಾಟುವ ಅಲೆಗೆ ಇದು ಮಗುಚುತ್ತದೆ. ಮಗುಚುವುದು ದೊಡ್ಡ ವಿಷಯವಲ್ಲ, ನಾನೇ ಎಷ್ಟೋ ಸಲ ಮಗುಚಿದ್ದೇನೆ. ಆಮೇಲೆ ನೀರು ಎಲ್ಲಿಗೆ ಎಳೆದುಕೊಂಡು ಹೋಗುತ್ತದೆ ಅನ್ನೋದನ್ನು ನೋಡಬೇಕು.

ಆ ಭಾನುವಾರ ನಿಮ್ಮನ್ನು ಇಳಿಸುವ ಮೊದಲು ಎರಡನೇ ರ‍್ಯಾಪಿಡ್‌ಗೆ ಸುಲಿಯದ ತೆಂಗಿನಕಾಯಿ ಒಂದನ್ನು ಎಸೆದಿದ್ದೆವು. ಬಂಡೆ ಇಳಿದು ನೊರೆಯೊಳಗೆ ಮುಳುಗಿತು, ಮೇಲೆ ಬಂತು, ಮತ್ತೆ ಬಂಡೆಯ ಕಡೆಗೇ ಹಿಂದಕ್ಕೆ ಹೋಯಿತು. ಹಾಗೆ ಹನ್ನೊಂದು ಸಲ ಎಣಿಸಿದೆ. ಹೊರಬಿದ್ದದ್ದು ಸೀದಾ ದಡದಿಂದ ಬಾಗಿದ ಬಿದಿರು ಮೆಳೆಗೆ ಹೋಗಿ ಸಿಕ್ಕಿಕೊಂಡಿತು. ಮೆಳೆಯ ಸಂದಿಯಲ್ಲಿ ನೀರು ನುಗ್ಗಿ ಹೋಗುತ್ತದೆ. ಕಾಯಿ ಹೋಗಲಿಲ್ಲ, ಮನುಷ್ಯನೂ ಹೋಗುವುದಿಲ್ಲ. ಮೆಳೆ ಕಡಿಯಬಾರದಾ ಅಂತ ಕೇಳ್ತೀರಿ. ಪಕ್ಕದಲ್ಲೇ ಬ್ರಹ್ಮಗಿರಿ ಅಭಯಾರಣ್ಯ, ಕತ್ತಿ ಹಿಡಿದು ಹೋಗುವ ಹಾಗಿಲ್ಲ. ಕಡಿದರೂ ಮುಂದಿನ ಮಳೆಗೆ ಇನ್ನೊಂದು ಮರ ಬಂದು ಕೂರುತ್ತದೆ.

ಅಷ್ಟಕ್ಕೂ ಪ್ಯಾಕ್‌ರಾಫ್ಟ್ ಅಂದರೇನೇ ಹೊತ್ತು ನಡೆಯುವ ದೋಣಿ, ಅಲ್ವಾ? ದೊಡ್ಡ ರಾಫ್ಟ್ ಹೊತ್ತು ಬಂಡೆ ಸುತ್ತಬೇಕೆಂದರೆ ನಾಲ್ಕಾಳು ಬೇಕು. ಇದಕ್ಕೆ ಒಂದು ಹೆಗಲು ಸಾಕು.

ಹೊಳೆ ಏರಿದ ದಿನ ಮೇಲಿನ ಹಾದಿ ಯಾಕಿಲ್ಲ ಅಂತೀರಾ? ದಾಂಡೇಲಿಯ ಕಾಳಿ ನದಿಯಲ್ಲಿ ಸೂಪಾ ಅಣೆಕಟ್ಟಿನಿಂದ ಬಿಟ್ಟಷ್ಟು ನೀರು. ಇಲ್ಲಿ ಮಳೆ ಬಿದ್ದಷ್ಟು. ಬೆಳಿಗ್ಗೆ ತಿಳಿಯಾಗಿದ್ದ ಹೊಳೆ ಮಧ್ಯಾಹ್ನಕ್ಕೆ ಕೆಂಪಾಗಿ ಕೊಂಬೆ ಹೊತ್ತು ಬರುತ್ತದೆ. 2018ರ ಆಗಸ್ಟ್ ಪ್ರವಾಹ, ಗುಡ್ಡ ಕುಸಿತ ಕಂಡ ಕೊಡಗಿನವರು ನಾವು, ಮಳೆಯ ಜೊತೆ ಹಠ ನಮಗೆ ಬೇಡ. ದೋಣಿ ಇಳಿಸುವ ಜಾಗದ ಕರಿಬಂಡೆಗೆ ಹಳದಿ ಗೆರೆ ಎಳೆದಿದ್ದೇವೆ. ನೀರು ಗೆರೆ ಮುಟ್ಟಿದರೆ ಕೆಳಗಿನ ಹಾದಿ. ಗೆರೆಯೇ ಕಾಣದಿದ್ದರೆ ಕಾಫಿ ಕುಡಿದು ವಾಪಸ್, ದುಡ್ಡೂ ವಾಪಸ್.

ಇನ್ನು 400 ರೂಪಾಯಿ. "ನಡೆಸಿ ದುಡ್ಡು ಉಳಿಸ್ತಾರೆ" ಎಂಬ ಮಾತು ಕಿವಿಗೆ ಬಿದ್ದಿದೆ. ಉಳಿಯೋದು ಎಲ್ಲಿಂದ? ಮೊದಲು ಐದು ದೋಣಿಗೆ ಒಬ್ಬ ಗೈಡ್ ಇದ್ದ, ಈಗ ಮೂರಕ್ಕೆ ಒಬ್ಬ. ನೀವು ಮತ್ತೆ ನೀರಿಗಿಳಿಯುವಲ್ಲಿ ಹಗ್ಗ ಹಿಡಿದು ನಿಲ್ಲಲು ಇನ್ನಿಬ್ಬರು. ಮಳೆ ಜೋರಾಗಿ ಹೊಳೆಗಿಳಿಯದ ದಿನವೂ ಅವರ ಕೂಲಿ ಕೊಡಲೇಬೇಕು. "ಗಾಳಿ ತುಂಬಿದ ಟ್ಯೂಬಿಗೆ ಇಷ್ಟಾ?" ಅಂತ ಒಬ್ಬರು ಬರೆದಿದ್ದರು. ಆ ಟ್ಯೂಬು ಹೊರದೇಶದಿಂದ ಬರಬೇಕು. ಬೆಲೆ ಒಂದು ಕಡೆ, ಸಾಗಣೆ, ಕಸ್ಟಮ್ಸ್ ಸುಂಕ ಇನ್ನೊಂದು ಕಡೆ. ಒಂದು ಚೂಪು ಕಲ್ಲು ತಾಗಿದರೆ ತಳ ಗೇಣುದ್ದ ಸೀಳುತ್ತದೆ. ತೇಪೆಯ ಅಂಟು ಒಣಗೋಕೂ ನಮ್ಮ ಮಳೆಯಲ್ಲಿ ಒಲೆ ಪಕ್ಕ ಇಡಬೇಕು. ನನ್ನ ಹೆಂಡತಿ ಅಡುಗೆಮನೆಯನ್ನು ದೋಣಿ ಷೆಡ್ ಅಂತಲೇ ಕರೀತಾಳೆ.

ಈಗಾಗಲೇ ಬುಕ್ ಮಾಡಿದವರಿಗೆ ಹಳೇ ದರವೇ. ಬದಲಾವಣೆ ಒಪ್ಪದಿದ್ದರೆ ಜೂನ್ ಮೊದಲ ವಾರದೊಳಗೆ ತಿಳಿಸಿ, ಪೂರ್ತಿ ಹಣ ಕೊಡುತ್ತೇನೆ. ಬೇಜಾರಾಗಿದ್ದರೆ ಫೋನ್ ಮಾಡಿ ಬೈಯಿರಿ, ನಾನೇ ಎತ್ತುತ್ತೇನೆ. ರಾತ್ರಿ ಎಂಟರ ಮೇಲೆ ಸಿಗ್ನಲ್ ಚೆನ್ನಾಗಿರುತ್ತದೆ.

ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ನಮ್ಮ ಜೋರು ಮಳೆಯ ತಿಂಗಳು) ಬರುವವರು ಉದ್ದ ಕಾಲುಚೀಲ ಮರೀಬೇಡಿ. ಆ ಕಾಲುದಾರಿಯಲ್ಲಿ ಜಿಗಣೆಗಳು ನಮಗಿಂತ ಮೊದಲೇ ಬಂದು ಕಾಯ್ತಿರುತ್ತವೆ.

ನಿಮ್ಮ ದೋಣಿಯವನು