ಟವೆಲಿನಿಂದ ಹೊರಗೆ ತೆಗೆ

ಗೋಣಿಕೊಪ್ಪ
ಕಕ್ಕಡ ತಿಂಗಳು

ಪ್ರೀತಿಯ ಮಗಳೇ,

ನಿನ್ನ ಕಾಗದ ತಲುಪಿತು. ಮಳೆ, ಕರೆಂಟು, ಅಜ್ಜಿಯ ಮಂಡಿನೋವು ಎಲ್ಲ ನಿನಗೆ ಫೋನಿನಲ್ಲೇ ಗೊತ್ತಾಗಿರುತ್ತದೆ, ಬರೆಯುವುದಿಲ್ಲ. ಪುಸ್ತಕ ಓದುವ ಹಳೆಯ ಇ-ರೀಡರ್ ಹೇಗೆ ಹೋಯಿತು ಎಂಬುದೂ ಇಬ್ಬರಿಗೂ ಗೊತ್ತಿರುವ ಮಾತು. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಸಾಲುಗಳು. ‘ಹೊಸದನ್ನು ಟವೆಲಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಮುಟ್ಟಿದರೆ ಒಡೆದೀತು ಅನ್ನಿಸುತ್ತದೆ. ಪರದೆಗೆ ಅಂಟಿಸುವ ಗ್ಲಾಸ್, ಇರುವುದರಲ್ಲಿ ದಪ್ಪನೆಯದು ಕಳಿಸಿ, ಚಿಕ್ಕಪ್ಪ.’

ಗ್ಲಾಸ್ ಕಳಿಸುತ್ತಿಲ್ಲ ಮಗಳೇ. ನಿನ್ನ ಭಯ ಒಂದು ಕಡೆ, ಗ್ಲಾಸ್ ಕಾಯುವುದು ಇನ್ನೊಂದು ಕಡೆ. ಹಳೆಯದಕ್ಕೆ ಗ್ಲಾಸ್ ಅಂಟಿಸಿ ‘ಇನ್ನು ಹೆದರಬೇಡ’ ಎಂದವನು ನಾನೇ. ಆ ಗ್ಲಾಸ್ ಈಗಲೂ ಒಂದು ಗೀರಿಲ್ಲದೆ ಇದೆ. ಹೋದದ್ದು ಅದರ ಕೆಳಗಿನ ಪರದೆ. ಆ ಮಾತನ್ನು ನಾನು ಹೇಳಬಾರದಿತ್ತು. ನೀನು ಅದನ್ನು ನಂಬಿ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಪಕ್ಕ ಇಟ್ಟೆ.

ಒಡೆಯುವುದು ಎಲ್ಲಿ ಎಂದು ಮೊದಲು ತಿಳಿದುಕೋ. ಈ ಪರದೆಯಲ್ಲಿ ಕೂದಲೆಳೆಯ ದಪ್ಪದ ಗುಳಿಗೆಗಳು ಲಕ್ಷಗಟ್ಟಲೆ ಇರುತ್ತವೆ. ಒಂದೊಂದರಲ್ಲೂ ಕಪ್ಪು, ಬಿಳಿ ಬಣ್ಣದ ಪುಡಿ. ವಿದ್ಯುತ್ತು ಎಳೆದ ಕಡೆಗೆ ಬಣ್ಣ ಮೇಲೆ ಬರುತ್ತದೆ, ಅಕ್ಷರ ಮೂಡುತ್ತದೆ. ಆ ವಿದ್ಯುತ್ತನ್ನು ಹಂಚುವ ಟ್ರಾನ್ಸಿಸ್ಟರುಗಳಿರುವುದು ಹಿಂದಿನ ಹಾಳೆಯಲ್ಲಿ. ಹೆಚ್ಚಿನ ರೀಡರುಗಳಲ್ಲಿ ಅದು ತೀರಾ ತೆಳ್ಳನೆಯ ಗಾಜು. ಪ್ಲಾಸ್ಟಿಕ್ ಹಾಳೆ ಬಳಸಿದ ಮಾದರಿಗಳೂ ಇವೆ, ಕೋಬೋ ಕಂಪನಿಯ ಫಾರ್ಮಾ ಅಂಥದ್ದು. ಆದರೆ ಅವು ಕಡಿಮೆ. ಒಂದೇ ಬಿಂದುವಿನ ಮೇಲೆ ಒತ್ತಡ ಬಿದ್ದರೆ ಅಥವಾ ಇಡೀ ರೀಡರ್ ಸ್ವಲ್ಪ ತಿರುಚಿದರೆ ಒಡೆಯುವುದು ಆ ಒಳಗಿನ ಗಾಜು. ಹೊರಗೆ ಕೈಯಾಡಿಸಿದರೆ ನುಣುಪಾಗಿಯೇ ಇರುತ್ತದೆ. ಅರ್ಧ ಪುಟ ಮಾತ್ರ ತಿರುಗುವುದಿಲ್ಲ, ಹಳೆಯ ಚಿತ್ರ ಅಲ್ಲೇ ನಿಂತುಬಿಡುತ್ತದೆ, ನಡುವೆ ಗೆರೆಗಳು ಮೂಡುತ್ತವೆ. ನಿನ್ನದರಲ್ಲಿ ಆದದ್ದು ಇದೇ. ಮೇಲೆ ಎಷ್ಟು ದಪ್ಪದ ಗ್ಲಾಸ್ ಇದ್ದರೂ ತಿರುಚುವುದನ್ನು ಅದು ತಡೆಯುವುದಿಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ 9ಎಚ್ ಎಂದು ಬರೆದಿರುತ್ತಾರೆ. ಅದು ಪೆನ್ಸಿಲಿನಿಂದ ಗೀಚಿ ನೋಡುವ ಗಡಸುತನದ ಲೆಕ್ಕ. ಗೀರಿಗೆ ಸಂಬಂಧಿಸಿದ್ದು, ಒಡೆಯುವುದಕ್ಕಲ್ಲ. ಅದೂ ಮರಳಿನ ಹರಳು ಸಿಕ್ಕರೆ ಗೀರು ಬೀಳುತ್ತದೆ, ಏಕೆಂದರೆ ಮರಳು ಗಾಜಿಗಿಂತ ಗಟ್ಟಿ. ಇನ್ನೊಂದು ನಷ್ಟವೂ ಇದೆ. ರೀಡರಿನ ಪರದೆಯನ್ನು ಕಾಗದದ ಹಾಗೆ ಮಂಕಾಗಿಯೇ ಮಾಡಿರುತ್ತಾರೆ. ಅದರ ಮೇಲೆ ಹೊಳೆಯುವ ಗ್ಲಾಸ್ ಅಂಟಿಸಿದರೆ ಹಾಸ್ಟೆಲ್ಲಿನ ಟ್ಯೂಬ್‌ಲೈಟು ಪ್ರತಿ ಪುಟದಲ್ಲೂ ಕಾಣುತ್ತದೆ.

ಹಾಗಾದರೆ ಪರದೆಗೆ ಅಂಟಿಸುವ ತೆಳು ಪ್ಲಾಸ್ಟಿಕ್ ಫಿಲ್ಮೂ ಬೇಡವೇ? ಮನೆಯೊಳಗೆ ಕವರಿನಲ್ಲಿಟ್ಟು ಓದುವವರಿಗೆ ಬೇಡ ಎಂದೇ ಹೇಳುತ್ತೇನೆ. ನಿನಗೆ ಕಳಿಸುತ್ತಿರುವುದು ಬೇರೆ ಕಾರಣಕ್ಕೆ. ರಜೆಗೆ ಬಂದರೆ ಕಾಫಿ ಕಣದ ಪಕ್ಕ ಕೂತು ಓದುವವಳು ನೀನು. ಜನವರಿ, ಫೆಬ್ರವರಿಯ ಕಣದ ಧೂಳಿನಲ್ಲಿ ಮರಳಿನ ಹರಳು ಇರುತ್ತದೆ, ಸೆರಗಿನಿಂದ ಒರೆಸಿದರೆ ಗೀರು ಖಂಡಿತ. ಆ ಗೀರು ಫಿಲ್ಮಿನ ಮೇಲೆ ಬೀಳಲಿ. ಅಷ್ಟೇ ಅದರ ಕೆಲಸ. ಇದಕ್ಕಿಂತ ಹೆಚ್ಚಿನ ಭರವಸೆಯನ್ನು ಈ ಸಲ ಕೊಡುವುದಿಲ್ಲ.

ಕಳಿಸುತ್ತಿರುವುದು ಮ್ಯಾಟ್, ಅಂದರೆ ಹೊಳಪಿಲ್ಲದ, ಪಿಇಟಿ ಪ್ಲಾಸ್ಟಿಕ್ಕಿನ ಫಿಲ್ಮು, ಒಂದು ಪೊಟ್ಟಣದಲ್ಲಿ ಎರಡು. ಮೊದಲನೆಯದು ಕೆಟ್ಟರೆ ಬೇಸರ ಮಾಡಬೇಡ. ಅಕ್ಷರದ ಅಂಚು ಒಂದಿಷ್ಟು ಮೆದುವಾಗಿ ಕಾಣಬಹುದು, ರಾತ್ರಿ ಒಳಬೆಳಕು ಹೆಚ್ಚಿಸಿದರೆ ಸಣ್ಣ ಮಿನುಗು ಕಂಡೀತು. ಬೆಳಕನ್ನು ಸ್ವಲ್ಪ ತಗ್ಗಿಸಿಕೋ. ನೀರು ಚಿಮುಕಿಸಿ ಅಂಟಿಸುವ ಟಿಪಿಯು ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ಫಿಲ್ಮನ್ನು ಬೇಕೆಂದೇ ಬಿಟ್ಟೆ. ಅದು ಒಣಗಿದ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿ ಉಳಿಯುವುದುಂಟು. ನೀರು ಹೊರಗೆ ಹಾಕಲು ಬಲವಾಗಿ ತಿಕ್ಕಬೇಕಾಗುತ್ತದೆ, ನಮಗೆ ಬೇಡದ್ದು ಅದೇ.

ಅಳತೆ ನೋಡಿಯೇ ತಂದಿದ್ದೇನೆ, ಆದರೂ ನೀನೊಮ್ಮೆ ನೋಡು. ಕಿಂಡಲ್ ಪೇಪರ್‌ವೈಟ್ ಎಂಬ ಒಂದೇ ಹೆಸರಿನ ರೀಡರುಗಳಲ್ಲಿ 2018ರದು 6 ಅಂಗುಲ, 2021ರದು 6.8, 2024ರದು 7. ಒಂದರ ಫಿಲ್ಮು ಇನ್ನೊಂದಕ್ಕೆ ಕೂರುವುದಿಲ್ಲ. ನಿನ್ನದು 6.8. ಇದರಲ್ಲಿ ಪರದೆಯೂ ಚೌಕಟ್ಟೂ ಒಂದೇ ಮಟ್ಟದಲ್ಲಿವೆ, ಆದ್ದರಿಂದ ಫಿಲ್ಮು ಅಂಚಿನಿಂದ ಸುತ್ತಲೂ ಅರ್ಧದಿಂದ ಒಂದು ಮಿಲಿಮೀಟರು ಒಳಗೇ ನಿಲ್ಲಬೇಕು. ಅಂಚಿನವರೆಗೂ ಬಂದರೆ ಕವರಿನ ತುಟಿ ತಾಗಿ ಮೂಲೆಗಳು ಏಳುತ್ತವೆ. ಪರದೆ ಚೌಕಟ್ಟಿಗಿಂತ ತಗ್ಗಿನಲ್ಲಿರುವ ಮಾದರಿಗೆ ಮಾತ್ರ ಆ ತಗ್ಗಿನೊಳಗೆ ಕೂರುವ ಅಳತೆ ಬೇಕು.

ಅಂಟಿಸಲು ಸಂಜೆಯ ಹೊತ್ತು, ಮಳೆ ಬರುವ ದಿನ ಒಳ್ಳೆಯದು. ಗಾಳಿ ಒದ್ದೆಯಿದ್ದರೆ ಧೂಳು ಕೆಳಗೆ ಕೂರುತ್ತದೆ, ಫಿಲ್ಮಿನ ಹಿಂದಿನ ಹಾಳೆ ಸುಲಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತೂ ಕಡಿಮೆ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಕಾಲು ಗಂಟೆ ಬಿಡು. ಬಿಸಿನೀರಿನ ಆವಿ ತುಂಬಿದ ಬಚ್ಚಲಿನಲ್ಲಿ ಅಂಟಿಸು ಎಂದು ಯಾರಾದರೂ ಹೇಳಿಯಾರು. ನಮ್ಮ ಕಡೆ ಸೌದೆ ಹಂಡೆಯ ಬಚ್ಚಲಿನಲ್ಲಿ ಬೂದಿ ಹಾರುತ್ತಿರುತ್ತದೆ, ಅಲ್ಲಿ ಬೇಡ. ಅಗ್ಗಿಷ್ಟಿಕೆ ಇಟ್ಟ ಕೋಣೆಯೂ ಬೇಡ. ಸ್ವೆಟರ್ ತೆಗೆದು ಹತ್ತಿ ಬಟ್ಟೆ ಹಾಕಿಕೋ; ಉಣ್ಣೆಯ ನೂಲು ಬಿದ್ದರೆ ಹುಡುಕುವುದೇ ಕಷ್ಟ. ಬಳೆ ತೆಗೆದಿಡು. ಕೈಯಲ್ಲಿ ಎಣ್ಣೆ ಇರಬಾರದು.

ಇನ್ನು ಒತ್ತಡದ ಮಾತು, ನಿನ್ನ ಭಯಕ್ಕೆ ಅರ್ಥವಿರುವ ಜಾಗ. ಗಟ್ಟಿ ಮೇಜಿನ ಮೇಲೆ ತೆಳು ಬಟ್ಟೆಯೊಂದನ್ನು ಸುಕ್ಕಿಲ್ಲದೆ ಹಾಸಿ, ರೀಡರನ್ನು ಕವರಿನಿಂದ ತೆಗೆದು ಬೆನ್ನು ಪೂರ್ತಿ ತಾಗುವ ಹಾಗೆ ಮಲಗಿಸು. ಮಂಚದ ಮೇಲೆ, ತೊಡೆಯ ಮೇಲೆ ಎಂದೂ ಬೇಡ. ಕೆಳಗೆ ಹಳ್ಳವಿದ್ದರೆ ಮೇಲಿನ ಸಣ್ಣ ಒತ್ತಿಗೂ ಬಾಗುತ್ತದೆ. ಪವರ್ ಗುಂಡಿ ಒತ್ತಿ ನಿದ್ದೆಗೆ ಕಳಿಸು, ಕೈ ತಾಗಿದರೂ ಪುಟ ತಿರುಗುವುದಿಲ್ಲ.

ಮೈಕ್ರೋಫೈಬರ್ ಬಟ್ಟೆಯಿಂದ ಮೊದಲು ಒಣದಾಗಿ, ಒತ್ತದೆ, ಒಂದೇ ದಿಕ್ಕಿಗೆ ಧೂಳು ತಳ್ಳು. ಹರಳಿದ್ದಾಗ ತಿಕ್ಕಿದರೆ ಅಂಟಿಸುವ ಮೊದಲೇ ಗೀರು ಬೀಳುತ್ತದೆ. ಆಮೇಲೆ ಬಟ್ಟೆಯ ಮೂಲೆಗೆ ಎರಡು ಹನಿ ನೀರು ಹಾಕಿ ಬೆರಳಚ್ಚು ತೆಗೆದು, ಒಣ ಭಾಗದಿಂದ ಒರೆಸು. ಪರದೆಯ ಮೇಲೆ ಏನನ್ನೂ ನೇರವಾಗಿ ಸಿಂಪಡಿಸಬೇಡ. ಉಳಿದ ಚುಕ್ಕೆಗಳನ್ನು ಸೆಲ್ಲೋ ಟೇಪಿನ ಅಂಟಿನ ಕಡೆಯಿಂದ ಮೆಲ್ಲಗೆ ತಾಗಿಸಿ ಎತ್ತು. ಪಾರ್ಸೆಲ್ಲಿಗೆ ಸುತ್ತುವ ಕಂದು ಟೇಪು ಬೇಡ, ಅದರ ಅಂಟು ಉಳಿಯುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಮೇಲಿನಿಂದ ಕಾಣದ ಧೂಳೂ ನೆರಳು ಬಿಟ್ಟು ಕಾಣುತ್ತದೆ.

ಹಾಳೆ ಸುಲಿಯುವ ಮೊದಲೇ ಫಿಲ್ಮನ್ನು ಪರದೆಯ ಮೇಲಿಟ್ಟು ನಾಲ್ಕೂ ಕಡೆ ಸಮನಾದ ಸಂದು ಬರುವ ಹಾಗೆ ಜರುಗಿಸು. ಸರಿಬಂದಾಗ ಎಡದ ಉದ್ದಂಚಿನಲ್ಲಿ ಎರಡು ಕಡೆ ಮೂರು ಸೆಂಟಿಮೀಟರಿನ ಟೇಪು ಹಾಕು, ಅರ್ಧ ಫಿಲ್ಮಿಗೆ, ಅರ್ಧ ಚೌಕಟ್ಟಿಗೆ. ಈಗ ಅದು ಪುಸ್ತಕದ ರಟ್ಟಿನ ಹಾಗೆ ತೆರೆಯುತ್ತದೆ. ಈ ಕೀಲು ಹಾಕದೆ ಕಣ್ಣಳತೆಯಲ್ಲಿ ಬಿಟ್ಟವರದೇ ಸೊಟ್ಟಗಾಗುವುದು. ತೆರೆದು, 1 ಎಂದು ಗುರುತು ಹಾಕಿದ ಹಾಳೆಯನ್ನು ಕೀಲಿನ ಕಡೆಯಿಂದ ಎರಡು ಸೆಂಟಿಮೀಟರು ಸುಲಿದು ಆ ಅಂಚನ್ನು ಕೆಳಗಿಳಿಸು. ಅಂಟು ತಾನೇ ಹಿಡಿಯುತ್ತದೆ. ಉಳಿದ ಹಾಳೆಯನ್ನು ನಿಧಾನವಾಗಿ ಎಳೆಯುತ್ತ ಬಂದ ಹಾಗೆ, ಬಟ್ಟೆ ಸುತ್ತಿದ ಕಾರ್ಡನ್ನು ಹಿಂದೆಯೇ ತಂದುಕೋ. ಹಾಲಿನ ಕೆನೆ ಸರಿಸುವಷ್ಟು ಒತ್ತು ಸಾಕು. ಗುಳ್ಳೆ ಹೋಗಲಿಲ್ಲವೆಂದು ಹೆಬ್ಬೆರಳಿನಿಂದ ಅದುಮಬೇಡ. ಫಿಲ್ಮು ಅಂಟಿಸುವ ಗಡಿಬಿಡಿಯಲ್ಲೇ ಪರದೆ ಒಡೆದುಕೊಂಡವರಿದ್ದಾರೆ, ಅದು ಆಗುವುದು ಈ ಹೆಬ್ಬೆರಳಿನಿಂದ.

ಗುಳ್ಳೆಯಲ್ಲಿ ಎರಡು ಬಗೆ. ನಡುವೆ ಏನೂ ಇಲ್ಲದ್ದು ಗಾಳಿ. ಸಣ್ಣದಾದರೆ ಒಂದೆರಡು ದಿನದಲ್ಲಿ ತಾನೇ ಹೋಗುತ್ತದೆ. ನಡುವೆ ಚುಕ್ಕೆಯಿದ್ದದ್ದು ಧೂಳು, ಅದು ಹೋಗುವುದಿಲ್ಲ. ಹತ್ತಿರದ ಮೂಲೆಗೆ ಟೇಪು ಅಂಟಿಸಿ ಫಿಲ್ಮನ್ನು ಅಲ್ಲಿಯವರೆಗೆ ಮಾತ್ರ ಎತ್ತಿ, ಇನ್ನೊಂದು ಟೇಪಿನ ತುದಿಯಿಂದ ಧೂಳು ತೆಗೆದು ಮತ್ತೆ ಇಳಿಸು. ಸಿಲಿಕೋನ್ ಅಂಟು, ಒಂದೆರಡು ಸಲ ಎತ್ತಿದರೆ ಕೆಡುವುದಿಲ್ಲ. ಸೂಜಿ ಮುಟ್ಟಿಸಬೇಡ. ಕೊನೆಗೆ 2 ಎಂಬ ಮೇಲಿನ ಹಾಳೆ ಸುಲಿ. ಇದನ್ನು ಮರೆತು, ‘ಫಿಲ್ಮು ಮಸುಕು’ ಎಂದು ದೂರುವವರು ಕಡಿಮೆಯಿಲ್ಲ. ಮುಂದೆ ಎಂದಾದರೂ ತೆಗೆಯಬೇಕಾದರೆ ಮೂಲೆಯಿಂದ ಪರದೆಗೆ ಒರಗಿದ ಹಾಗೆ, ಹಿಂದಕ್ಕೆ ಮಡಿಚಿ ಎಳೆ. ನೇರ ಮೇಲಕ್ಕೆ ಕಿತ್ತರೆ ಪರದೆಯೂ ಜೊತೆಗೆ ಬಾಗುತ್ತದೆ.

ಎಷ್ಟು ಬರೆದುಬಿಟ್ಟೆ. ಬೇಕಿದ್ದದ್ದು ಇದಲ್ಲವೇನೋ. ನಿನ್ನ ಭಯಕ್ಕೆ ನಿಜವಾಗಿ ಉತ್ತರ ಕೊಡುವುದು ಕವರು, ಗಟ್ಟಿ ಬೆನ್ನಿನದು, ಬಾಗದ್ದು. ಹಿಂದೆ ಗ್ಲಾಸಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಕವರಿನ ಬಗ್ಗೆ ಒಂದು ಮಾತೂ ಹೇಳದೆ ಬಿಟ್ಟದ್ದು ನನ್ನನ್ನು ಈಗಲೂ ಚುಚ್ಚುತ್ತದೆ. ಪರದೆಯ ಮೇಲೆ ಮುಚ್ಚುವ ರಟ್ಟನ್ನು ಅಂಗೈಯಿಂದ ಒತ್ತಿ ನೋಡು, ಒಳಗೆ ಇಳಿಯಬಾರದು. ಚರ್ಮದ್ದು ಬೇಡ, ಭಾಗಮಂಡಲದ ಮಳೆಗೆ ಹದಿನೈದು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಕವರಿನಿಂದ ತೆಗೆದು ಎರಡನ್ನೂ ಒರೆಸು. ಒಣಗಿಸಲೆಂದು ಒಲೆಯ ಹತ್ತಿರ ಇಡಬೇಡ, 35 ಡಿಗ್ರಿ ದಾಟಿದ ಬಿಸಿ ಅದಕ್ಕಾಗದು.

ಬ್ಯಾಗಿನಲ್ಲಿ ನಿಲ್ಲಿಸಿಡು, ಪರದೆ ದಪ್ಪ ನೋಟ್‌ಬುಕ್ಕಿನ ಚಪ್ಪಟೆ ಮುಖಕ್ಕೆ ತಿರುಗಿರಲಿ. ಡಬ್ಬಿ, ಚಾರ್ಜರ್, ಕೊಡೆಯ ಹಿಡಿ ಆ ಕಡೆ ಬರಬಾರದು. ಬಸ್ಸಿನಲ್ಲಿ ಬ್ಯಾಗಿನ ಮೇಲೆ ಒರಗಬೇಡ. ಒಂದು ಮೂಲೆ ಹಿಡಿದು ಎತ್ತಬೇಡ. ಇಷ್ಟು ಬಿಟ್ಟರೆ ಹೆದರುವಂಥದ್ದು ಇಲ್ಲ. ಮಳೆಹನಿಗೂ ಹೆದರಬೇಡ, 2 ಮೀಟರ್ ಸಿಹಿನೀರಿನಲ್ಲಿ 60 ನಿಮಿಷ ತಡೆಯುವ ಐಪಿಎಕ್ಸ್8 ಅಳತೆ ಅದಕ್ಕಿದೆ. ಒದ್ದೆಯಾದರೆ ಚಾರ್ಜಿಗೆ ಹಾಕುವ ಮೊದಲು ಪೂರ್ತಿ ಒಣಗಲಿ, ಅಷ್ಟೇ. ಮುಟ್ಟಿದರೆ ಒಡೆಯುವುದಿಲ್ಲ ಮಗಳೇ. ಬೆರಳು ತಾಗಿಸಿ ಪುಟ ತಿರುಗಿಸಲೆಂದೇ ಮಾಡಿದ ಪರದೆ ಅದು. ಅದಕ್ಕಿಂತ ಟ್ರಂಕಿನಲ್ಲಿ ಬಟ್ಟೆಯ ರಾಶಿಯ ಕೆಳಗಿರುವುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ, ಯಾರಾದರೂ ಆ ಟ್ರಂಕಿನ ಮೇಲೆ ಇನ್ನೊಂದು ಹೊರೆ ಇಟ್ಟು ಮುಚ್ಚಳ ಒತ್ತಿದರೆ?

ಫಿಲ್ಮೂ ಕವರೂ ಅಣ್ಣನ ಕೈಯಲ್ಲಿ ಭಾನುವಾರ ಬರುತ್ತವೆ, ಸಂಗಮದ ನೀರು ರಸ್ತೆಗೆ ಏರದಿದ್ದರೆ. ಅಲ್ಲಿಯವರೆಗೆ ಕಾಯಬೇಡ, ಇವತ್ತೇ ಟವೆಲಿನಿಂದ ಹೊರಗೆ ತೆಗೆ. ಇಷ್ಟು ದಿನ ಇಟ್ಟಿದ್ದಕ್ಕೆ ಬ್ಯಾಟರಿ ಇಳಿದಿರಬಹುದು, ಒಂದು ಗಂಟೆ ಚಾರ್ಜಿಗೆ ಹಾಕು. ಹಳೆಯದು ಹೋದ ದಿನ ನೀನು ಓದುತ್ತಿದ್ದ ಪುಸ್ತಕ ಯಾವ ಪುಟಕ್ಕೆ ನಿಂತಿತ್ತು ಎಂದು ಮರುಟಪ್ಪಾಲಿನಲ್ಲಿ ಬರಿ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಚಿಕ್ಕಪ್ಪ